ತಾರೀಖು ತಪ್ಪಿದ ಮೂರು ಅಂಗಡಿಗಳು

ಹಳೇ ಕಂಪ್ಯೂಟರಿಗೆ ಇವತ್ತು ಎಷ್ಟನೇ ತಾರೀಖು ಅಂತ ಕೇಳಬಾರದು. ಕೇಳಿದರೆ ಏನಾದರೊಂದು ಆಗಿಯೇ ಆಗುತ್ತದೆ, ಆದಾಗಲೆಲ್ಲ ನನಗೆ ಫೋನ್ ಬರುತ್ತದೆ.

ರೋಣದ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಸಣ್ಣ ಖೋಲಿಯಲ್ಲಿ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿ. ಹಿಂದೆ ಟೈಪಿಂಗ್ ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ, ಹಾಗಾಗಿ ಊರವರಿಗೆ ನಾನು ಇವತ್ತಿಗೂ ಅಕ್ಕೋರು. ಹೊಸ ಗಿರಾಕಿಗಳು ಬಾಗಿಲಲ್ಲಿ ಇಣುಕಿ, "ರಿಪೇರಿ ಮಾಡವ್ರು ಎಲ್ಲಿ ಹೋಗ್ಯಾರ್ರಿ?" ಅಂತ ನನ್ನನ್ನೇ ಕೇಳುತ್ತಾರೆ. "ಇಲ್ಲೇ ಕುಂತಾರ್ರಿ" ಅಂತ ನಾನು ಕೈಯಲ್ಲಿನ ಸ್ಕ್ರೂಡ್ರೈವರ್ ತೋರಿಸುತ್ತೇನೆ.

ನನ್ನ ದೊಡ್ಡ ಗಿರಾಕಿ ಅಂದರೆ ಊರಿನ ಸಾಹುಕಾರರು. ಅವರದು ಮೂರು ಅಂಗಡಿ. ರೋಣದಲ್ಲಿ ಔಷಧದ್ದು, ಗಜೇಂದ್ರಗಡದಲ್ಲಿ ಬೀಜ-ಗೊಬ್ಬರದ್ದು, ನರಗುಂದದಲ್ಲಿ ಬ್ಯಾಟರಿಯದ್ದು. ಮೂರರಲ್ಲೂ ಒಂದೇ ಹಳೇ ಬಿಲ್ಲಿಂಗ್ ಪ್ರೋಗ್ರಾಂ. ಕರಿ ಪರದೆ, ಹಸಿರು ಅಕ್ಷರ, ಮೌಸ್ ಇಲ್ಲ. ಕೆಲಸದವರ ಬೆರಳಿಗೆ ಅದು ಎಷ್ಟು ರೂಢಿ ಅಂದರೆ, ಗಿರಾಕಿಯ ಜೊತೆ ಜಗಳ ಆಡುತ್ತಲೇ ಬಿಲ್ ತೆಗೆಯುತ್ತಾರೆ. ಎರಡರಲ್ಲಿ ಯಾವುದೂ ತಪ್ಪುವುದಿಲ್ಲ.

ಅಂಥ ಪ್ರೋಗ್ರಾಮನ್ನು ಹಳೇದಾಯಿತು ಅನ್ನುವ ಒಂದೇ ಕಾರಣಕ್ಕೆ ಕಿತ್ತೊಗೆಯಲು ಕೆಲವರು ಬಂದರು. ನಾನು ಅಡ್ಡ ನಿಂತೆ. ಆಗ ನಡೆದ ಸಂಗತಿಗಳು ಇವು.

ಗಟ್ಟಿ ಮಾಲು

ಶುರುವಾದದ್ದು ರೋಣದ ಔಷಧದ ಅಂಗಡಿಯಲ್ಲಿ. ಒಂದು ಮುಂಜಾನೆ ಅಲ್ಲಿ ಬಿಲ್ ಮಾಡುವ ಹೆಣ್ಣುಮಗಳ ಫೋನು ಬಂತು.

"ಅಕ್ಕೋರ, ಲಗೂ ಬರ್ರಿ. ಕಂಪ್ಯೂಟರ್ ಗುಳಿಗಿ ಕೊಡಾಕ ಒಲ್ಲೆ ಅನ್ನಾಕತ್ತೈತಿ."

ಹೋಗಿ ನೋಡಿದೆ. ಆವತ್ತೇ ಬಂದ ಹೊಸ ಡಬ್ಬಿ. ೨೦೩೦ರ ತನಕ ನಡೆಯುತ್ತದೆ ಅಂತ ಅದರ ಮೇಲೆ ಚೊಕ್ಕಾಗಿ ಅಚ್ಚಾಗಿದೆ. ಪರದೆಯ ಮೇಲೆ ಮಾತ್ರ, ಈ ಮಾಲಿನ ಅವಧಿ ಮುಗಿದಿದೆ, ಬಿಲ್ ಆಗುವುದಿಲ್ಲ ಅಂತ ಬರುತ್ತಿದೆ.

ಕಾರಣ ಸಣ್ಣದು. ಈ ಪ್ರೋಗ್ರಾಂ ಬರೆದ ಕಾಲದಲ್ಲಿ ಕಂಪ್ಯೂಟರಿನಲ್ಲಿ ಜಾಗ ಕಡಿಮೆ. ಅದಕ್ಕೆ ವರ್ಷದ ಕಡೆಯ ಎರಡು ಅಂಕಿ ಮಾತ್ರ ಇಟ್ಟುಕೊಳ್ಳುವ ಪದ್ಧತಿ. ಮೂವತ್ತಕ್ಕಿಂತ ಕಡಿಮೆ ಅಂಕಿ ಬಂದರೆ ಎರಡು ಸಾವಿರದ ಈಚೆಯ ವರ್ಷ, ಮೂವತ್ತು ಮತ್ತು ಅದರ ಮೇಲೆ ಬಂದರೆ ಹತ್ತೊಂಬತ್ತು ನೂರರ ವರ್ಷ ಅಂತ ಅದು ತಿಳಿಯುತ್ತದೆ. ಮೂವತ್ತರ ಹತ್ತಿರ ಒಂದು ಗೆರೆ ಎಳೆದ ಹಾಗೆ. ಇಷ್ಟು ದಿನ ಆ ಗೆರೆಯ ತನಕ ಯಾವ ಮಾಲೂ ಬಂದಿರಲಿಲ್ಲ. ಈ ಗುಳಿಗೆ ಬಂತು. ೨೦೩೦ ಹೋಗಿ ೧೯೩೦ ಆಯಿತು.

ಮೊಣಕಾಲು ನೋವಿನ ಗುಳಿಗೆಗಾಗಿ ಬೆಳವಣಕಿಯಿಂದ ಬಂದಿದ್ದ ಒಬ್ಬ ನಿವೃತ್ತ ಹೆಡ್‌ಮಾಸ್ತರು ಕಾಯುತ್ತ ನಿಂತಿದ್ದರು. ಚಷ್ಮಾ ಏರಿಸಿ ಪರದೆ ಓದಿದರು.

"ಹತ್ತೊಂಬತ್ತು ನೂರಾ ಮೂವತ್ತು ಅಂತೈತಲ್ಲ?"

"ಅದು ತಪ್ಪು ತೋರ್ಸಾಕತ್ತೈತ್ರಿ ಸರ್. ರಿಪೇರಿ ಮಾಡಾಕ ಅಕ್ಕೋರು ಬಂದಾರ."

"ತಪ್ಪ್ಯಾಕ ಅಂತೀಯವಾ? ಬ್ರಿಟಿಷರ ಕಾಲದ ಮಾಲು. ಅವ್ರು ಕಟ್ಟಿದ ಬ್ರಿಜ್ಜು ಇನ್ನೂ ನಿಂತಾವ. ಅದನ್ನ ಕೊಡ, ನನ್ನ ಕಾಲೂ ನಿಲ್ಲಲಿ."

ಸಾಹುಕಾರರ ಶರತ್ತು

ಸುದ್ದಿ ಸಾಹುಕಾರರ ಕಿವಿಗೆ ಹೋಯಿತು. ಅವರಿಗಿಂತ ಮೊದಲು ಅವರ ಒಬ್ಬನೇ ಅಳಿಯನ ಕಿವಿಗೆ ಹೋಗಿತ್ತು; ಒಬ್ಬರೇ ಆದರೂ ನಮ್ಮಲ್ಲಿ ಗೌರವಕ್ಕೆ ಅಳಿಯಂದಿರು ಅನ್ನುತ್ತೇವೆ. ಅಳಿಯಂದಿರು ಹುಬ್ಬಳ್ಳಿಯಲ್ಲಿ ಮ್ಯಾನೇಜ್‌ಮೆಂಟ್ ಓದಿದವರು, ಮೂರೂ ಅಂಗಡಿಯ ಉಸ್ತುವಾರಿ ಅವರದೇ. ಮಾರನೇ ದಿನವೇ ಒಂದು ಸಾಫ್ಟ್‌ವೇರ್ ಕಂಪನಿಯ ಸಾಹೇಬರನ್ನು ಕರೆದುಕೊಂಡು ಬಂದರು. ರೋಣದ ಬಿಸಿಲಿನಲ್ಲಿ ಟೈ ಕಟ್ಟಿದ ಮನುಷ್ಯನನ್ನು ನೋಡಲು ಪಕ್ಕದ ಅಂಗಡಿಯವರು ಎರಡು ಸಲ ಬಂದು ಹೋದರು.

ಕಂಪನಿಯ ಸಾಹೇಬರು ಕರಿ ಪರದೆಯ ಮುಂದೆ ನಿಂತು ನಕ್ಕರು.

"ಮೇಡಂ, ಇದು ಮ್ಯೂಸಿಯಂನಲ್ಲಿ ಇಡೋ ವಸ್ತು. ಇದನ್ನ ಇನ್ನೂ ಯಾರು ನಡೆಸ್ತಿದ್ದಾರೆ?"

"ನಾನರಿ."

"ಇದಕ್ಕೆ ರಿಪೇರಿ ಇಲ್ಲ. ಪೂರ್ತಿ ಕಿತ್ತು ಹೊಸದು ಹಾಕಬೇಕು."

ನನಗೆ ಸಿಟ್ಟು ಬಂತು. ನನ್ನ ಗಿರಾಕಿ ಹೋಗುತ್ತಾರೆ ಅನ್ನುವುದೊಂದೇ ಅಲ್ಲ. ಬಿಲ್ ಮಾಡುವ ಹೆಣ್ಣುಮಗಳು ಸಾಹೇಬರ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಳು. ಹೊಸ ಪ್ರೋಗ್ರಾಂ ಬಂದರೆ ಹೊಸ ಜನ ಬರುತ್ತಾರೆ ಅನ್ನುವುದು ಅವಳಿಗೂ ಗೊತ್ತು, ನನಗೂ ಗೊತ್ತು.

"ಚಪ್ಪಲಿ ಉಂಗುಟ ಹರದ್ರ ಕಾಲು ಬದಲಿ ಮಾಡ್ತಾರೇನ್ರಿ?" ಅಂದೆ. "ಹರದದ್ದು ಒಂದು ತಾರೀಖು. ಅದನ್ನ ಹೊಲೀತೀನಿ."

ಅಳಿಯಂದಿರು ಬಾಯಿ ಹಾಕುವುದರೊಳಗೆ ಸಾಹುಕಾರರು ಕೈ ಎತ್ತಿದರು.

"ಕಿತ್ತೊಗಿಯೂದು ಕಡೀಕ. ಮೊದಲ ತಾರೀಖು ರಿಪೇರಿ ಮಾಡೋ ಹತ್ಯಾರ ಯಾವ್ಯಾವು ಅದಾವ, ತರ್ರಿ. ಅಳಿಯಂದ್ರ, ನೀವು ಹುಡುಕಿದ್ದನ್ನ ಗಜೇಂದ್ರಗಡದಾಗೂ ನರಗುಂದದಾಗೂ ಹಚ್ಚಿ ನೋಡ್ರಿ. ಸಾಹೇಬ್ರು ತಮ್ಮದನ್ನ ಇಲ್ಲೆ ತೋರಸಲಿ. ಅಕ್ಕೋರ, ನೀವೂ ಒಂದು ತರ್ರಿ. ನಿಮ್ಮದು ಸೋತ್ರ ಕರಿ ಪರದಿಗೆ ನಮಸ್ಕಾರ. ಯಾವ ಹತ್ಯಾರ ನನ್ನ ಮಾನ ಕಳಿಯಂಗಿಲ್ಲೊ ಅದು ಉಳೀತೈತಿ."

ಅಳಿಯಂದಿರಿಗೆ ಇದು ಸರಿ ಬರಲಿಲ್ಲ. "ಮಾವಾರ, ಸ್ಪೀಡ್ ನೋಡಬೇಕು, ಸೆಕ್ಯೂರಿಟಿ ನೋಡಬೇಕು. ಮಾನ ಅಳಿಯೋ ಸಾಫ್ಟ್‌ವೇರ್ ಇನ್ನೂ ಬಂದಿಲ್ರಿ" ಅಂದರು.

"ಬಂದಿಲ್ಲಂದ್ರ ನಾನ ಅಳೀತೀನಿ ತಗೋರಿ."

ಮುಶಿಗೇರಿಯ ದೊಡ್ಡ ರೈತ

ಮೊದಲ ಹತ್ಯಾರ, ಅಂದರೆ ರಿಪೇರಿಯ ಟೂಲು, ಅಳಿಯಂದಿರು ಇಂಟರ್ನೆಟ್ಟಿನಲ್ಲಿ ಹುಡುಕಿ ತೆಗೆದದ್ದು. ತಪ್ಪು ತಾರೀಖು ತಿದ್ದುತ್ತದೆ, ಒಬ್ಬನೇ ಮನುಷ್ಯನ ಹೆಸರು ಎರಡೆರಡು ಸಲ ಬಂದಿದ್ದರೆ ಕೂಡಿಸಿ ಒಂದು ಮಾಡುತ್ತದೆ, ಗಿರಾಕಿಗಳಿಗೆ ತಾನೇ ಮೆಸೇಜ್ ಕಳಿಸುತ್ತದೆ. ಅದನ್ನು ಗಜೇಂದ್ರಗಡದ ಬೀಜ-ಗೊಬ್ಬರದ ಅಂಗಡಿಗೆ ಹಚ್ಚಿದರು. ಹಚ್ಚುವ ಮೊದಲು ನಾನು ಎಲ್ಲದರ ಒಂದು ನಕಲು ತೆಗೆದಿಟ್ಟೆ. "ನಂಬಿಕಿ ಇಲ್ಲೇನ್ರಿ ಅಕ್ಕೋರ?" ಅಂತ ಅಳಿಯಂದಿರು ಕೇಳಿದರು. "ನಿಮ್ಮ ಮ್ಯಾಲೆ ಐತ್ರಿ" ಅಂದೆ.

ಆ ಅಂಗಡಿಯಲ್ಲಿ ರೈತರ ಹೆಸರು, ಊರು, ಹುಟ್ಟಿದ ತಾರೀಖು ಎಲ್ಲ ದಾಖಲಾಗಿದೆ. ಈಗ, ನಮ್ಮ ಕಡೆಯ ಹಳೇ ಜನರ ಹುಟ್ಟಿದ ತಾರೀಖು ಹೇಗೆ ಬಂದದ್ದು ಅನ್ನುವುದು ಗೊತ್ತೇ ಇದೆ. ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರರು ಹುಡುಗನ ಎತ್ತರ ನೋಡಿ ವರ್ಷ ಅಂದಾಜು ಮಾಡುತ್ತಿದ್ದರು, ತಾರೀಖು ಜೂನ್ ಒಂದು ಅಂತ ಬರೆದುಬಿಡುತ್ತಿದ್ದರು. ಹೀಗಾಗಿ ನಮ್ಮ ಅರ್ಧ ಸೀಮೆ ಜೂನ್ ಒಂದಕ್ಕೆ ಹುಟ್ಟಿದ್ದು.

ಹತ್ಯಾರಕ್ಕೆ ಇದು ತಿಳಿಯಲಿಲ್ಲ. ಎರಡಂಕಿಯ ವರ್ಷದ ಮೇಲೆ ಅದಕ್ಕೆ ನಂಬಿಕೆ ಇಲ್ಲ, ಅದನ್ನು ಬಿಟ್ಟಿತು. ದಿನ ಒಂದೇ, ತಿಂಗಳು ಒಂದೇ, ಊರೂ ಒಂದೇ; ಹೆಸರು ಬೇರೆ ಬೇರೆ ಇದ್ದದ್ದು ಬರೆದವರ ತಪ್ಪು. ಅಂದ ಮೇಲೆ ಮನುಷ್ಯನೂ ಒಬ್ಬನೇ ಅಂತ ತೀರ್ಮಾನ ಮಾಡಿತು. ಮುಶಿಗೇರಿಯಲ್ಲಿ ಜೂನ್ ಒಂದಕ್ಕೆ ಹುಟ್ಟಿದವರನ್ನೆಲ್ಲ ಕೂಡಿಸಿ ಒಬ್ಬ ರೈತನನ್ನು ಮಾಡಿತು. ಅವರೆಲ್ಲ ಒಯ್ದ ಬೀಜ, ಗೊಬ್ಬರ, ಬೆಳೆಯ ಹುಳಕ್ಕೆ ಹೊಡೆಯುವ ಎಣ್ಣೆ ಎಲ್ಲ ಅವನ ಹೆಸರಿಗೆ ಬಂತು. ಆಮೇಲೆ ಅವನಿಗೆ ತಾನೇ ಮೆಸೇಜ್ ಕಳಿಸಿತು: ನೀವು ನಮ್ಮ ಅತಿ ದೊಡ್ಡ ಗಿರಾಕಿ, ಅಭಿನಂದನೆಗಳು, ಬಹುಮಾನಕ್ಕಾಗಿ ಅಂಗಡಿಗೆ ಬನ್ನಿ.

ಮೆಸೇಜ್ ಹೋದ ರೈತರು ಬಂದರು. ಹೊಸ ಪಟಗಾ ಸುತ್ತಿಕೊಂಡು, ಇಳಕಲ್ ಸೀರೆ ಉಟ್ಟ ಹೆಂಡತಿಯನ್ನು ಕರೆದುಕೊಂಡು ಬಂದರು. ಅಂಗಡಿಯಲ್ಲಿ ಸಾಹುಕಾರರೂ ಇದ್ದರು, ಅಳಿಯಂದಿರೂ ಇದ್ದರು, ತಪ್ಪು ಹುಡುಕಲು ನಾನೂ ಹೋಗಿದ್ದೆ.

"ಅದು ಕಂಪ್ಯೂಟರ್ ತಪ್ಪು ಮಾಡೈತ್ರಿ ಯಜಮಾನ್ರ" ಅಂತ ಅಳಿಯಂದಿರು ಮೆಲ್ಲಗೆ ಹೇಳಿದರು.

ರೈತರು ಹೆಂಡತಿಯ ಮುಖ ನೋಡಿದರು. ಹೆಂಡತಿ ಸುಮ್ಮನಿರಲಿಲ್ಲ.

"ತಪ್ಪು ಮಾಡಿದ್ದು ನಿಮ್ಮ ಕಂಪ್ಯೂಟರು. ಬಸ್ಸಿಗೆ ಬಂದಾವ್ರು ನಾವು. ಓಣಿ ಮಂದಿಗೆಲ್ಲ ಹೇಳಿ ಬಂದೀವಿ. ಬರಿಗೈಲೆ ಹೋಗಂಗಿಲ್ರಿ."

ಸಾಹುಕಾರರು ಒಂದು ಹಾರ ತರಿಸಿದರು, ಎಣ್ಣೆ ಹೊಡೆಯುವ ಒಂದು ಹೊಸ ಪಂಪು ತೆಗೆಸಿ ಕೊಟ್ಟರು. ಹಾರ ಹಾಕಿಸಿಕೊಂಡ ಮೇಲೆ ರೈತರು ಪರದೆಯ ಮೇಲೆ ತಮ್ಮ ಹೆಸರಿನ ಮುಂದೆ ಏನೇನಿದೆ ಓದಿ ಹೇಳ್ರಿ ಅಂದರು. ನಾನು ಓದುತ್ತಾ ಹೋದೆ. ಹತ್ತಿ ಬೀಜ, ಗೋವಿನಜೋಳದ ಬೀಜ, ಸೂರ್ಯಕಾಂತಿ ಬೀಜ, ಚೀಲದ ಮೇಲೆ ಚೀಲ ಗೊಬ್ಬರ. ಓದಿ ಮುಗಿಸುವ ತನಕ ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

"ಅಕ್ಕೋರ, ನನ್ನದು ಅಂಗೈಯಷ್ಟು ಹೊಲ" ಅಂದರು. "ಇಷ್ಟೂ ಗೊಬ್ಬರ ಅದಕ್ಕ ಹಾಕಿದ್ನೆಂದ್ರ, ಬೆಳಿ ಮಾತು ಬಿಡ್ರಿ, ಬದುವಿನ ಮ್ಯಾಲೆ ನಿಂತ ನನಗ ತೆನಿ ಬರ್ತಿದ್ದವು."

ಅಮೇರಿಕಾದ ಅಮಾಸಿ

ಎರಡನೇ ಹತ್ಯಾರ ಆನ್‌ಲೈನಿನದು. ಅದು ನರಗುಂದದ ಬ್ಯಾಟರಿ ಅಂಗಡಿಗೆ ಬಂತು. ಬಿಲ್ಲು ನಮ್ಮ ಕರಿ ಪರದೆಯಲ್ಲೇ ಆಗುತ್ತದೆ, ತಾರೀಖು ಮಾತ್ರ ಅದರ ಕಂಪನಿಯ ಕಂಪ್ಯೂಟರಿಗೆ ಹೋಗಿ, ಸರಿಯಾಗಿ, ವರ್ಷದ ನಾಲ್ಕೂ ಅಂಕಿಯ ಸಮೇತ ತಿರುಗಿ ಬರುತ್ತದೆ. ನೋಡಲು ಚಲೋ ಇತ್ತು. ಖರೇ ಹೇಳಬೇಕೆಂದರೆ ನನಗೂ ಸ್ವಲ್ಪ ಹೆದರಿಕೆ ಆಯಿತು, ಇದು ಗೆದ್ದೀತು ಅಂತ.

ಯುಗಾದಿ ಮುಗಿದ ಕೆಲ ದಿನಕ್ಕೆ ನಾನೂ ಅಳಿಯಂದಿರೂ ಅಲ್ಲಿದ್ದಾಗ ಒಬ್ಬ ಟ್ರ್ಯಾಕ್ಟರ್ ಮಾಲೀಕರು ವಾರಂಟಿ ಕಾಗದ ಹಿಡಿದುಕೊಂಡು ಬಂದರು. ಸಾವಕಾಶ ಮಾತಾಡುವ ಮನುಷ್ಯ. ಅಂಥವರು ಸಿಟ್ಟಾದರೆ ತಿಳಿಯಲು ಹೊತ್ತು ಬೇಕು.

"ಯುಗಾದಿ ಪಾಡ್ಯಾ ದಿನಾ ಬೆಳಿಗ್ಗೆ, ಬೇವು-ಬೆಲ್ಲಾ ತಿಂದು, ಪೂಜಿ ಮಾಡಿ ಬಂದು ಬ್ಯಾಟರಿ ತಗೊಂಡೀನಿ. ನೀವು ಹಿಂದಿನ ದಿನದ ತಾರೀಖು ಹಾಕೀರಿ. ಹಿಂದಿನ ದಿನಾ ಅಮಾಸಿ. ಅಮಾಸಿ ದಿನಾ ನಾ ಸೂಜಿ ಸುದ್ದಾ ತಗೊಳ್ಳಂಗಿಲ್ಲ."

ಅಳಿಯಂದಿರು ಆನ್‌ಲೈನ್ ಕಂಪನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಆ ಕಡೆಯಿಂದ ಒಬ್ಬರು ಭಾಳ ನಯವಾಗಿ ವಿವರಿಸಿದರು.

"ಸರ್, ತಪ್ಪೇನೂ ಆಗಿಲ್ಲ. ತಾರೀಖು ಹಾಕೋ ನಮ್ಮ ಕಂಪ್ಯೂಟರ್ ಅಮೇರಿಕಾದಲ್ಲಿದೆ. ನಿಮ್ಮಲ್ಲಿ ಬೆಳಿಗ್ಗೆ ಆದಾಗ ಅಲ್ಲಿ ಇನ್ನೂ ಹಿಂದಿನ ದಿನ ಇರುತ್ತೆ."

ಟ್ರ್ಯಾಕ್ಟರ್ ಮಾಲೀಕರು ಫೋನಿನ ಹತ್ತಿರ ಬಗ್ಗಿದರು.

"ಬ್ಯಾಟರಿ ಎಲ್ಲೈತ್ರಿ?"

"ನಿಮ್ಮ ಟ್ರ್ಯಾಕ್ಟರಿನಲ್ಲಿ ಸರ್."

"ಟ್ರ್ಯಾಕ್ಟರ್ ಎಲ್ಲೈತ್ರಿ?"

"ನರಗುಂದದಲ್ಲಿ ಸರ್."

"ಮತ್ತ ಅಮಾಸಿ?"

"ಅಮೇರಿಕಾದಲ್ಲಿ ಸರ್."

"ಹಂಗಾರ ಅವರ ಅಮಾಸಿ ಅವರ ಇಟ್ಕೊಳ್ಳಲಿ. ನನ್ನ ಪಾಡ್ಯಾ ನನಗ ಕೊಡ್ರಿ."

ಗೆರೆ ಎಳೆದವರು

ಇನ್ನು ನನ್ನ ಸರದಿ. ನಾನು ಆರಿಸಿಕೊಂಡ ಹತ್ಯಾರ ಎಷ್ಟು ಸಣ್ಣದು ಅಂದರೆ, ಹೇಳಿದಾಗ ಅಳಿಯಂದಿರು ನಕ್ಕರು. ಅದು ಏನನ್ನೂ ತಿದ್ದುವುದಿಲ್ಲ, ಯಾರನ್ನೂ ಕೂಡಿಸುವುದಿಲ್ಲ, ಮೆಸೇಜ್ ಕಳಿಸುವುದಿಲ್ಲ. ಒಂದು ಶಬ್ದ ಕೊಟ್ಟರೆ ಪ್ರೋಗ್ರಾಮಿನ ಎಲ್ಲ ಕಡತ ಜಾಲಾಡಿ ಅದು ಎಲ್ಲೆಲ್ಲಿದೆ ಅಂತ ತೋರಿಸುತ್ತದೆ, ಅಷ್ಟೇ. ಮೂವತ್ತರ ಗೆರೆ ಎಲ್ಲೆಲ್ಲಿ ಎಳೆದಿದೆ ಅಂತ ನನಗೆ ಗೊತ್ತಾದರೆ ಸಾಕಿತ್ತು. ತಿದ್ದುವ ಕೆಲಸ ನಾನು ನೋಡಿಕೊಳ್ಳುತ್ತಿದ್ದೆ.

ಹುಡುಕಿದಾಗ ಎರಡು ಗೆರೆ ಸಿಕ್ಕವು. ಒಂದು ಮಾಲಿನ ತಾರೀಖಿಗೆ, ಒಂದು ಮನುಷ್ಯರ ಹುಟ್ಟಿದ ತಾರೀಖಿಗೆ. ಎರಡನ್ನೂ ಸರಿಸಬೇಕೋ ಒಂದನ್ನೋ ಅಂತ ತಿಳಿಯದೆ, ಗೆರೆ ಎಳೆದವರ ಹತ್ತಿರವೇ ಹೋದೆ. ಈ ಪ್ರೋಗ್ರಾಂ ಬರೆದವರು ನನ್ನ ಗುರುಗಳು. ವಯಸ್ಸಾಗಿದೆ, ನರಗುಂದದಲ್ಲಿ ಮಗಳ ಮನೆಯಲ್ಲಿ ಇದ್ದಾರೆ. ಹೋದಾಗ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು.

"ಸರ್, ಗೆರಿ ಮೂವತ್ತಕ್ಕ ಯಾಕ ಎಳದ್ರಿ?"

"ಆಗ ಮೂವತ್ತು ಭಾಳ ದೂರ ಕಾಣತಿತ್ತವಾ. ಅಲ್ಲೀತನಾ ಈ ಪ್ರೋಗ್ರಾಂ ಉಳೀತೈತಿ ಅಂತ ಯಾರು ಅನ್ಕೊಂಡಿದ್ರು?"

"ಉಳದೈತ್ರಿ. ಈಗ ಅದನ್ನ ಕಿತ್ತೊಗಿಯಾಕ ನಿಂತಾರ."

ಗುರುಗಳು ಶೇಂಗಾ ಸುಲಿಯುವುದು ಬಿಟ್ಟರು.

"ಹಳೇದು ಅಂತ?"

"ಹೌದ್ರಿ."

"ನಡದಿರೋದನ್ನ ಹಳೇದು ಅನ್ನಬಾರದು. ನಿಂತದ್ದನ್ನ ಅನ್ನಬೇಕು" ಅಂದರು. ಅವರ ಧ್ವನಿ ಗಟ್ಟಿಯಾಗಿತ್ತು. "ಮಾಲಿನ ಗೆರಿ ಮುಂದ ಸರಸು, ಎಂಭತ್ತಕ್ಕ ಒಯ್ದು ಇಡು. ಹುಟ್ಟಿದ ತಾರೀಖಿನ ಗೆರಿ ಮಾತ್ರ ಮುಟ್ಟಬ್ಯಾಡ."

"ಯಾಕ್ರಿ ಸರ್?"

"ಅದನ್ನೂ ಸರಸಿದಿ ಅಂದ್ರ ನನ್ನಂಥಾವ್ರು ಇನ್ನ ಮುಂದ ಹುಟ್ಟಬೇಕಾಗ್ತೈತಿ. ಮತ್ತ ಮೊದಲಿಂದ ಸಾಲಿಗೆ ಹೋಗೂದು ನನ್ನ ಕಡಿಂದ ಆಗಂಗಿಲ್ಲವಾ."

ಕಾಯಿರಿ

ಮೂರೂ ಅಂಗಡಿಯಲ್ಲಿ ಇವತ್ತಿಗೂ ಕರಿ ಪರದೆಯೇ ನಡೆದಿದೆ. ಅದು ಹೇಗೆ ಉಳಿಯಿತು ಅನ್ನುವುದೇ ಈ ಕಡೆಯ ಸಂಗತಿ.

ಪರೀಕ್ಷೆ ಇಟ್ಟದ್ದು ರೋಣದ ಔಷಧದ ಅಂಗಡಿಯ ಹಿಂದಿನ ಖೋಲಿಯಲ್ಲಿ, ಒಂದು ಮಧ್ಯಾಹ್ನ. ಒಂದು ಕಡೆ ನಾನು, ನನ್ನ ಹಳೇ ಯಂತ್ರ. ಇನ್ನೊಂದು ಕಡೆ ಟೈ ಕಟ್ಟಿದ ಕಂಪನಿಯ ಸಾಹೇಬರು, ಅವರ ಹೊಳೆಯುವ ಲ್ಯಾಪ್‌ಟಾಪ್. ನಡುವೆ ಸಾಹುಕಾರರು ಖುರ್ಚಿ ಹಾಕಿಕೊಂಡು ಕುಳಿತಿದ್ದರು. ಅಳಿಯಂದಿರು ಸಾಹೇಬರ ಪಕ್ಕ ನಿಂತರು. ಬಿಲ್ ಮಾಡುವ ಹೆಣ್ಣುಮಗಳು ಬಾಗಿಲಲ್ಲಿ ನಿಂತಳು, ಗಿರಾಕಿ ಬಂದರೂ ಹೋಗಲಿಲ್ಲ.

ಶರತ್ತು ಸರಳ. ಇಬ್ಬರೂ ತಮ್ಮ ಯಂತ್ರದ ಗಡಿಯಾರವನ್ನು ೨೦೩೦ಕ್ಕೆ ಸರಿಸಬೇಕು. ಆಮೇಲೂ ಸರಿಯಾಗಿ ಕೆಲಸ ನಡೆಯಬೇಕು.

"ಮೊದಲು ಮೇಡಂ ಮಾಡಲಿ. ಆಮೇಲೆ ಬೇಜಾರಾಗೋದು ಬೇಡ" ಅಂದರು ಸಾಹೇಬರು.

ಗಡಿಯಾರ ಸರಿಸಿದೆ. ಗುರುಗಳು ಹೇಳಿದ ಹಾಗೆ ಮಾಲಿನ ಗೆರೆಯನ್ನು ಮೊದಲೇ ಎಂಭತ್ತಕ್ಕೆ ಒಯ್ದಿದ್ದೆ. "ಬಾ ತಂಗಿ, ನೀನ ಬಿಲ್ ಮಾಡು" ಅಂತ ಬಾಗಿಲಲ್ಲಿದ್ದ ಹೆಣ್ಣುಮಗಳನ್ನು ಕರೆದೆ. ಅವಳು ಬಂದು ಕುಳಿತಳು. ೨೦೩೨ರ ತನಕ ನಡೆಯುವ ಗುಳಿಗೆ ಅಂತ ಬಡಿದಳು. ಕರಿ ಪರದೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಮೂಲೆಯ ಪ್ರಿಂಟರ್ ಕಿರ್ರನೆ ಚೀರಿ ಬಿಲ್ ಹೊರಗೆ ಹಾಕಿತು. ತಾರೀಖು ಸರಿ, ವರ್ಷ ಸರಿ. ಮೂವತ್ತೈದರ ಮಾಲು ಹಾಕಿದೆವು, ಅದೂ ಬಂತು. ನಾನು ತೆಗೆದಿಟ್ಟಿದ್ದ ನಕಲಿನಿಂದ ಬೀಜದ ಅಂಗಡಿಯ ಹಳೇ ರೈತರ ಹೆಸರು ತೆರೆದು ನೋಡಿದೆವು, ಎಲ್ಲರೂ ತಮ್ಮತಮ್ಮ ವರ್ಷದಲ್ಲೇ ಹುಟ್ಟಿದ್ದರು.

ಸಾಹುಕಾರರು ಬಿಲ್ಲನ್ನು ಬೆಳಕಿಗೆ ಹಿಡಿದು ನೋಡಿದರು. "ಅಕ್ಕೋರದು ಆತು" ಅಂದರು.

"ಒಂದೆರಡು ಬಿಲ್ ಬಂದ್ರೆ ದೊಡ್ಡದಲ್ಲ ಸರ್" ಅಂದರು ಸಾಹೇಬರು, ಟೈ ಸರಿ ಮಾಡಿಕೊಂಡು. "ನಮ್ಮ ಟೂಲ್ ಇನ್ನು ಸಾವಿರ ವರ್ಷದ ತನಕ ಯಾವ ತಾರೀಖನ್ನೂ ತಪ್ಪು ಮಾಡಲ್ಲ. ನಮ್ಮ ಕಂಪನಿ ಇರೋದೇ ತಾರೀಖಿಗಾಗಿ. ನೀವೇ ನೋಡಿ."

ಲ್ಯಾಪ್‌ಟಾಪಿನ ಗಡಿಯಾರವನ್ನು ೨೦೩೦ಕ್ಕೆ ಸರಿಸಿದರು. ತಮ್ಮ ಹತ್ಯಾರವನ್ನು ತೆರೆದರು. ಒಂದು ಚೆಂದದ ಚಕ್ರ ತಿರುಗಿತು. ಚಕ್ರ ಹೋಗಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬಂದವು.

ಸಾಹೇಬರು ಓದಿದರು, ಕೂಡಲೇ ಮುಚ್ಚಿದರು. ಮತ್ತೆ ತೆರೆದರು. ಮತ್ತೆ ಚಕ್ರ, ಮತ್ತೆ ಅದೇ ನಾಲ್ಕು ಸಾಲು.

"ಏನಂತೈತಿ?" ಅಂತ ಸಾಹುಕಾರರು ಕೇಳಿದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಸಾಹೇಬರು ಕೆಮ್ಮಿದರು. ನನಗೆ ಓದಲು ಬರುತ್ತಿತ್ತು, ಆದರೆ ಅದನ್ನು ಓದುವ ಪುಣ್ಯ ಅಳಿಯಂದಿರಿಗೇ ಇರಲಿ ಅಂತ ಬಿಟ್ಟೆ.

"ಓದ್ರಿ ಅಳಿಯಂದ್ರ" ಅಂದರು ಸಾಹುಕಾರರು.

ಅಳಿಯಂದಿರು ನೆಲ ನೋಡುತ್ತ ಕನ್ನಡ ಮಾಡಿ ಹೇಳಿದರು. "ಇವತ್ತು ಹತ್ತೊಂಬತ್ತು ನೂರಾ ಮೂವತ್ತನೇ ಇಸವಿ. ನಿಮ್ಮ ಲೈಸೆನ್ಸು ಇನ್ನೂ ಚಾಲೂ ಆಗಿಲ್ಲ. ಚಾಲೂ ಆಗೋತನಕ ದಯವಿಟ್ಟು ಕಾಯಿರಿ."

ಹೆಣ್ಣುಮಗಳು ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದಳು.

"ಎಷ್ಟೊತ್ತು ಕಾಯಬೇಕಂತ?" ಸಾಹುಕಾರರು ಕೇಳಿದರು.

"ತೊಂಬತ್ತು ವರ್ಷದ ಮ್ಯಾಲ್ರಿ ಮಾವಾರ."

ಸಾಹುಕಾರರು ಎದ್ದರು. ಇನ್ನೊಂದು ಖುರ್ಚಿ ಎಳೆದು, ಹೆಗಲ ಮೇಲಿನ ಟವೆಲಿನಿಂದ ಧೂಳು ಝಾಡಿಸಿ, ಸಾಹೇಬರ ಮುಂದೆ ಇಟ್ಟರು.

"ಕುಂದರ್ರಿ ಸಾಹೇಬ್ರ. ಅಂಗಡಿ ಎಂಟಕ್ಕ ಬಂದ್ ಮಾಡ್ತೀವಿ. ಅಲ್ಲೀತನಾ ಕಾಯೂಣು."